ಕಾಕಾನ ಒಲೆಗೆ ಬಂದ ಮುಯ್ಯಾಳು

ನಮ್ಮ ತಿರ್ಲಾಪುರಕ್ಕೆ ಮಳೆ ತಪ್ಪಿದ ವರ್ಷವೂ ಒಂದು ಜಾಗಕ್ಕೆ ಮಾತ್ರ ನೀರಿನ ಕೊರತೆ ಆಗಲಿಲ್ಲ. ಅದು ನಮ್ಮ ಕಾಕಾನ ಮನೆಯ ಒಲೆ! ದಿನಕ್ಕೆ ನಾಲ್ಕು ಕೊಡ ನೀರು ಕುಡಿಯುವ ಒಲೆಯನ್ನು ನೀವು ಎಲ್ಲಾದರೂ ನೋಡಿದ್ದೀರಾ? ಬಾಜೂ ಮನೆಯವರಾದ ನಾವು ದಿನಾ ನೋಡುತ್ತಿದ್ದೆವು.

ಬಿಡಿಸಿದ ಹತ್ತಿಯನ್ನು ಮಾರುವವರೆಗೆ ಪಡಸಾಲೆಯಲ್ಲೇ ತೊಲೆ ಮುಟ್ಟುವಷ್ಟು ಒಟ್ಟುವುದು ನಮ್ಮ ಕಡೆಯ ರೂಢಿ. ಕಿಡಿ ಬಿದ್ದರೆ ಮನೆಯೇ ಬೂದಿ. ಆದ್ದರಿಂದ ಒಲೆ ಆರಿದೆಯೇ ಎಂದು ಒಮ್ಮೆ ನೋಡುವವನು ಜಾಣ. ಹನ್ನೊಂದು ಸಲ ನೋಡಿ, ಬೂದಿಯಲ್ಲಿ ಕೈಯಾಡಿಸಿ, ನೀರು ಸುರಿದು, ಆ ನೀರಿನೊಳಗೂ ಕಿಡಿ ಅಡಗಿರಬಹುದೆಂದು ಬಗ್ಗಿ ನೋಡುವವನು ನಮ್ಮ ಕಾಕಾ. ಹತ್ತಿ ಮಾರಿ ಪಡಸಾಲೆ ಬರಿದಾದ ಮೇಲೂ ನೋಡುತ್ತಿದ್ದ. ಪ್ರತಿ ಸಲವೂ ಅವನ ಹೆಂಡತಿ, ನಮ್ಮ ಚಿಗವ್ವ, ಸಾಕ್ಷಿ ಹೇಳಬೇಕು.

"ಆರೇತೇನ?"

"ಆರೇತ್ರಿ."

"ಖರೇನ ಆರೇತಿ?"

"ಒಲಿ ಆರೇತಿ, ನನ್ನ ಹೊಟ್ಯಾಗಿಂದು ಹತ್ತೇತಿ ನೋಡ್ರಿ. ಅದಕ್ಕೊಂದೀಟು ನೀರು ಹಾಕ್ರಿ."

ಬೆಳಿಗ್ಗೆ ಹಸಿ ಒಲೆ ಹೊತ್ತದೆ ಮನೆಯೆಲ್ಲ ಹೊಗೆ. ಹತ್ತಿ ಕೊಳ್ಳಲು ಬರುತ್ತಿದ್ದ ಯಮನೂರಿನ ಸಾಹೇಬರು ಕಣ್ಣೊರೆಸಿಕೊಳ್ಳುತ್ತ, "ಗೌಡ್ರ, ನಿಮ್ಮ ಒಲಿಗೆ ನೆಗಡಿ ಆಗೇತ್ರಿ. ಕಷಾಯ ಕುಡಸ್ರಿ" ಎನ್ನುತ್ತಿದ್ದರು. ಕಾಕಾ ನಗುತ್ತಿದ್ದ. ನಗುತ್ತಲೇ ಅವರ ಬೀಡಿಯ ತುಂಡನ್ನು ನೀರಿನಲ್ಲಿ ಅದ್ದುತ್ತಿದ್ದ.

ಆದರೆ ನಗಲಾಗದ ಸಂಗತಿಯೂ ಒಂದಿತ್ತು. ಒಬ್ಬಳೇ ಮಗಳನ್ನು ಕಲಘಟಗಿಗೆ ಕೊಟ್ಟು ನಾಲ್ಕು ವರ್ಷವಾದರೂ ಕಾಕಾ ಅವಳ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಹೊರಡುತ್ತಿದ್ದ, ಬಸ್ ಸ್ಟ್ಯಾಂಡಿನಿಂದ ಒಲೆ ನೋಡಲು ತಿರುಗಿ ಬರುತ್ತಿದ್ದ, ಬಸ್ಸು ಚಿಗವ್ವನನ್ನಷ್ಟೇ ಕರೆದುಕೊಂಡು ಹೋಗುತ್ತಿತ್ತು. ಕೊನೆಗೆ ಮಗಳು ಪತ್ರ ಬರೆದಳು: ಅಪ್ಪ ಬರುವವರೆಗೂ ಮಗನ ಜವಳ ತೆಗೆಸುವುದಿಲ್ಲ. ಹುಟ್ಟುಗೂದಲು ಬೆಳೆದು ಮೊಮ್ಮಗನಿಗೆ ಎರಡು ಜಡೆಗಳಾದವು. ಬಳೆಗಾರನೊಬ್ಬ ಅವನ ಕೈ ಹಿಡಿದು ಅಳತೆ ನೋಡಿದನೆಂಬ ಸುದ್ದಿ ಬಂದ ದಿನ, ಕಾಕಾ ನನ್ನ ಪಕ್ಕ ಬಂದು ಕುಳಿತ. ನಾನಾಗ ನವಲಗುಂದದಲ್ಲಿ ಮಾಸ್ತರ.

"ತಮ್ಮಾ, ಆರೇತಂತ ನನಗೂ ಗೊತ್ತೈತಿ. ಮನಸು ಕೇಳವಲ್ದು. ಎಲ್ಲ್ಯಾರ ತೋರಸೂಣು."

ಧಾರವಾಡದ ಮನೋವೈದ್ಯರೊಬ್ಬರ ಬಳಿ ಕರೆದೊಯ್ದೆ. ಬೈಸಿಕೊಳ್ಳಲು ತಯಾರಾಗಿಯೇ ಕಾಕಾ ಕುಳಿತಿದ್ದ. ಅವರು ಕೇಳಿದ್ದು ಬೇರೆ.

"ಒಲಿ ನೋಡದ ಬಿಟ್ರ ಅಂಜಿಕಿ ಎಷ್ಟಾಕ್ಕೈತ್ರಿ? ಹತ್ತರಾಗ ಎಷ್ಟು?"

"ಹತ್ತರಾಗ ಹಿಡಿಯೂದಿಲ್ರಿ. ಅಂಡಿಗಿ ಆಕ್ಕೈತಿ."

ಅಂಡಿಗೆಯೆಂದರೆ ಹತ್ತಿ ತುರುಕಿದ ದೊಡ್ಡ ಮೂಟೆ. ಡಾಕ್ಟರು ತಮ್ಮ ಹತ್ತನ್ನು ಹೊಡೆದುಹಾಕಿ ಕಾಕಾನ ಅಳತೆಯನ್ನೇ ಬರೆದುಕೊಂಡರು. ಸಣ್ಣ ಅಂಜಿಕೆ ಮಡಿಲು ತುಂಬುವಷ್ಟು ಹತ್ತಿಯ ಒಂದು ಉಡಿ, ನಡುವಿನದು ಗಂಟು, ದೊಡ್ಡದು ಅಂಡಿಗೆ.

"ಇನ್ನ ನೀವ ಹೇಳ್ರಿ. ಉಡಿಯಷ್ಟರದ್ದು ಯಾವುದು ಮೊದಲ ಬಿಡೂಣು?"

"ಡಾಕ್ಟರು ನೀವು. ನನ್ನ ಕೇಳ್ತೀರಲ್ರಿ?"

"ಅಂಜಿಕಿ ನಿಮ್ಮ ಹೊಲ. ಅದರ ಬದು, ಕಲ್ಲು ನಿಮಗ ಗೊತ್ತು. ಕಸ ತೆಗಿಯೂ ರೀತಿ ನನಗ ಗೊತ್ತು. ಇಬ್ಬರೂ ಕೂಡಿ ಇಳಿಯೂಣು."

"ಹಂಗಂದ್ರ ಮುಯ್ಯಾಳು ಅನ್ರಿ."

ಡಾಕ್ಟರು ಹೂಂ ಎಂದುಬಿಟ್ಟರು. ಪಾಪ, ಪೇಟೆಯವರು! ಮುಯ್ಯಾಳೆಂದರೆ ಇವತ್ತು ನೀವು ನಮ್ಮ ಹೊಲಕ್ಕೆ ಬಂದರೆ ನಾಳೆ ನಾವು ನಿಮ್ಮ ಹೊಲಕ್ಕೆ ಬರಲೇಬೇಕು. ಬರದಿದ್ದರೆ ಊರಲ್ಲಿ ಮುಖ ಎತ್ತಿ ತಿರುಗುವಂತಿಲ್ಲ.

ಮೊದಲು ಬೀಡಿ ಅದ್ದುವುದು ನಿಂತಿತು. ಹನ್ನೊಂದು ಸಲ ನೋಡುವುದು ಐದಾಯಿತು, ಎರಡಾಯಿತು, ಮತ್ತೆ ಏಳಾಯಿತು. ಏಳಾದಾಗ ಡಾಕ್ಟರು, "ಗುರಿ ಜರಾ ದೊಡ್ಡದಾತ್ರಿ. ತಪ್ಪು ನಮ್ಮಿಬ್ಬರದೂ" ಎಂದು ಗುರಿಯನ್ನೇ ಚಿಕ್ಕದು ಮಾಡಿದರು. ಸಾಕ್ಷಿ ಹೇಳುವುದನ್ನು ನಿಲ್ಲಿಸಬೇಕೆಂದು ಕಾಕಾನೇ ಒಪ್ಪಿಕೊಂಡ. ಅಂದಿನಿಂದ "ಆರೇತೇನ?" ಎಂದರೆ ಚಿಗವ್ವ, "ಆ ನೌಕರಿಗೆ ರಾಜೀನಾಮಿ ಕೊಟ್ಟೀನ್ರಿ" ಎಂದು ರೊಟ್ಟಿ ಬಡಿಯುತ್ತಿದ್ದಳು.

ಉಡಿ ಮುಗಿದು, ಗಂಟು ಮುಗಿದು, ಅಂಡಿಗೆಯ ಸರದಿ ಬಂತು. ಒಲೆ ನೋಡದೆ ಮನೆಗೆ ಬೀಗ ಹಾಕಿ ಕಲಘಟಗಿಗೆ ಹೋಗುವುದು. ಹೂಂ ಎನ್ನುವ ಮೊದಲು ಕಾಕಾ ಕೇಳಿದ:

"ಸಾಹೇಬ್ರ, ನನ್ನ ಹೊಲದಾಗ ಬಾಳ ದುಡಿದ್ರಿ. ನಿಮ್ಮ ಹೊಲ ಎಲ್ಲೈತಿ? ನಿಮಗ ಯಾವುದರ ಅಂಜಿಕಿ?"

ಡಾಕ್ಟರು ನನ್ನನ್ನು ನೋಡಿದರು, ಗೋಡೆಯನ್ನು ನೋಡಿದರು. "ಎತ್ತು" ಎಂದರು ಮೆಲ್ಲಗೆ.

"ಎಷ್ಟು?"

"ಅಂಡಿಗಿ."

ಮುಂದಿನ ರವಿವಾರ ಡಾಕ್ಟರು ತಿರ್ಲಾಪುರದಲ್ಲಿದ್ದರು! ಕಾಕಾ ಅವರನ್ನು ನಮ್ಮ ಬಿಳಿ ಎತ್ತಿನ ಮುಂದೆ ನಿಲ್ಲಿಸಿ, "ದೂರ ನಿಂದ್ರೂಣೋ, ಹಗ್ಗ ಹಿಡಿಯೂಣೋ? ನೀವ ಹೇಳ್ರಿ. ಗಡಿಬಿಡಿ ಇಲ್ಲ" ಎಂದ. ಡಾಕ್ಟರ ಅಂಗಿ ಬೆನ್ನಿಗೆ ಅಂಟಿತ್ತು. ಹಗ್ಗ ಹಿಡಿದರು. ಎತ್ತು ಅವರ ಅಂಗೈ ನೆಕ್ಕಿತು. ಗಡಗಡ ನಡುಗಿದರೂ ಓಡಲಿಲ್ಲ. ಎತ್ತಲ್ಲ, ಡಾಕ್ಟರು.

"ಈಗ ನಿಮ್ಮ ಪಾಳಿ" ಎಂದರು.

ಚಿಗವ್ವ ಆಗಷ್ಟೇ ಚಹಾ ಮಾಡಿ ಒಲೆ ಆರಿಸಿದ್ದಳು. ಕಾಕಾ ಅಡುಗೆಮನೆಯ ಕಡೆ ತಿರುಗದೆ ಬೀಗ ಹಾಕಿದ. ಡಾಕ್ಟರನ್ನು ಬೀಳ್ಕೊಟ್ಟು ಕಾಕಾ, ಚಿಗವ್ವ, ನಾನು ಬಸ್ಸು ಹತ್ತಿದೆವು. ಬಸ್ಸಿನಲ್ಲಿ ಕಾಕಾ ನನ್ನ ಕೈ ಹಿಡಿದವನು ಬಿಡಲಿಲ್ಲ. ನವಲಗುಂದ ದಾಟುವಾಗ ಎಷ್ಟೆಂದು ಕೇಳಿದೆ, ಅಂಡಿಗೆ. ಹುಬ್ಬಳ್ಳಿಯಲ್ಲಿ ಗಂಟು. ಕಲಘಟಗಿಯಲ್ಲಿ ಇಳಿದಾಗ ಕೇಳುವ ಧೈರ್ಯ ನನಗೇ ಆಗಲಿಲ್ಲ.

ಮಗಳು ಕಾಲಿಗೆ ನೀರು ಕೊಡಲು ತಂಬಿಗೆ ಹಿಡಿದು ಹೊರಗೆ ಬಂದಳು. ತಲೆಯೆತ್ತದೆ, ಪ್ರತಿ ಸಲದಂತೆ ತಾಯಿಯನ್ನು ಕೇಳಿದಳು: "ಅಪ್ಪ ಮನ್ಯಾಗ ಆರಾಮ ಅದಾನಿಲ್ಲೋ?"

"ಇಲ್ಲೇ ಅದೀನವಾ" ಎಂದು ಕಾಕಾ ಚಿಗವ್ವನ ಹಿಂದಿನಿಂದ ಒಂದು ಕಾಲು ಮುಂದಿಟ್ಟ.

ಅವಳು ಆ ಕಾಲಿಗೆ ನೀರು ಹಾಕಿದಳು. ಇನ್ನೊಂದಕ್ಕೂ ಹಾಕಿದಳು. ತಂಬಿಗೆ ಬರಿದಾದ ಮೇಲೂ ಬಗ್ಗಿಸಿ ಹಿಡಿದೇ ಇದ್ದಳು. ಕಾಕಾನೂ ಕಾಲು ಹಿಂದಕ್ಕೆ ತೆಗೆಯಲಿಲ್ಲ.