ಮೂವತ್ತೇಳು ದೇವರ ಪಾಸ್‌ವರ್ಡ್

"ಅತ್ತಿಗೆ, ಇನ್ಮೇಲೆ ಆ ಬ್ರಹ್ಮ ಬಂದ್ರೂ ನಿಮ್ಮ ಗುಟ್ಟು ತೆಗೆಯಕ್ಕಾಗಲ್ಲ!" ಎಂದು ನನ್ನ ಮೈದುನ ನಾಗಭೂಷಣ ಊಟದ ಮೇಜಿನ ಮೇಲೆ ಸ್ಟೀಲ್ ಪೆಟ್ಟಿಗೆಯೊಂದನ್ನು ಕುಕ್ಕಿದ. ಫೋನಿನಲ್ಲಿರುವ ಯಾವ ಬರಹವನ್ನಾದರೂ ಅದು ನುಂಗಿ ಗೂಢಲಿಪಿ ಮಾಡುತ್ತದಂತೆ. ಪಾಸ್‌ವರ್ಡ್ ಒತ್ತಿದರಷ್ಟೇ ಉಗುಳುತ್ತದಂತೆ. ಇವನ ಹಿಂದಿನ ಯಂತ್ರ ಮಗುಚಿದ ದೋಸೆ ಇನ್ನೂ ನಮ್ಮ ಫ್ಯಾನಿಗೆ ಅಂಟಿಕೊಂಡಿದೆ. ಆದರೂ ನಂಬಿದೆ. ನನ್ನ ಬುದ್ಧಿಗಿಷ್ಟು!

ನನಗೊಂದು ಗುಟ್ಟಿತ್ತು. ಅತ್ತೆಯ ಅತ್ತೆಯಿಂದ ಬಂದದ್ದೆಂದು ತುಮಕೂರಿಗೆಲ್ಲ ನಾನು ಇಪ್ಪತ್ತು ವರ್ಷ ಕೊಚ್ಚಿಕೊಂಡ ಸಾರಿನ ಪುಡಿ, ಮೂಲೆ ಅಂಗಡಿ ಶೆಟ್ಟರ ಹೆಂಡತಿ ಕುಟ್ಟಿದ್ದು. ಡಬ್ಬ ಬದಲಾಯಿಸುವುದಷ್ಟೇ ನನ್ನ ಕೈಚಳಕ! ಮುಂದೆ ಸೊಸೆಗೆ ತಿಳಿದಿರಲಿ ಎಂದು ಫೋನಿನಲ್ಲಿ ಬರೆದಿಟ್ಟಿದ್ದೆ. ಅಂದು ಸಂಜೆಯೇ ಮಹಿಳಾ ಸಮಾಜದಲ್ಲಿ ‘ಸಾರಿನ ಸಾಮ್ರಾಜ್ಞಿ’ ಎಂದು ನನಗೆ ಸನ್ಮಾನ. ಗುಟ್ಟು ಹೊರಬಿದ್ದರೆ ಮಾನ ಮೂರು ಕಾಸಿಗೆ ಹರಾಜು!

"ಪಾಸ್‌ವರ್ಡ್ ಒತ್ತಿ" ಎಂದ ನಾಗಭೂಷಣ, ನನ್ನ ಫೋನನ್ನು ಪೆಟ್ಟಿಗೆಗೆ ಜೋಡಿಸಿ.

ಒಳ್ಳೆಯ ಕೆಲಸಕ್ಕೆ ಮೊದಲು ದೇವರನ್ನು ನೆನೆಯಬೇಡವೇ? ಒಬ್ಬರನ್ನು ನೆನೆದು ಇನ್ನೊಬ್ಬರನ್ನು ಬಿಟ್ಟರೆ ಮುನಿಸು. ಗಣಪತಿ, ಶಾರದಾ, ವೆಂಕಟೇಶ, ನರಸಿಂಹ, ಮಂಜುನಾಥ, ಅನ್ನಪೂರ್ಣ ಎಂದು ಮೂವತ್ತೇಳು ದೇವರನ್ನು ಒತ್ತಿದೆ. ಪೆಟ್ಟಿಗೆ ಬಿಕ್ಕಳಿಸಿತು.

"ಎಷ್ಟು ಅಕ್ಷರ ಒತ್ತಿದ್ರಿ?"

"ದೇವರನ್ನ ಎಣಿಸ್ತಾರೇನೋ?"

"ಅಯ್ಯೋ! ಎಂಟಕ್ಷರಕ್ಕೆ ಮಾತ್ರ ಜಾಗ ಬಿಟ್ಟಿದ್ದೆ!"

"ಹೆಚ್ಚಾದ್ರೆ ಬೇಡ ಅನ್ನಬೇಕು ತಾನೇ ನಿನ್ನ ಪೆಟ್ಟಿಗೆ?"

"ಅದನ್ನ ಕಲಿಸೋದೇ ಮರೆತೆ ಅತ್ತಿಗೆ."

ಎಂಟಕ್ಷರದ ಜಾಗದಲ್ಲಿ ಗಣಪತಿ, ಶಾರದೆ ಇಬ್ಬರೇ ಹಿಡಿಸಿದರು. ಪಾವಿಗೆ ಸೇರಕ್ಕಿ ಸುರಿದ ಹಾಗೆ ಮಿಕ್ಕ ದೇವರೆಲ್ಲ ಪಕ್ಕದ ಖಾನೆಗೆ ಚೆಲ್ಲಿದರು. ಬರಹವನ್ನು ಯಾರಿಗೆ ಕಳಿಸಬೇಕೆಂದು ಹೆಸರು ಬರೆಯುವ ಖಾನೆ ಅದು! ಪೆಟ್ಟಿಗೆ ಆ ಹೆಸರಿನವರನ್ನು ನನ್ನ ಫೋನಿನಲ್ಲಿ ಹುಡುಕಿತು. ನಮ್ಮ ಕಡೆ ದೇವರ ಹೆಸರಿಲ್ಲದ ಮನುಷ್ಯರು ಯಾರಿದ್ದಾರೆ? ಮೂವರು ವೆಂಕಟೇಶರು, ಹಾಲಿನ ಮಂಜುನಾಥ, ನರಸಿಂಹ ಮಾವ, ಕಡೆಗೆ ಮಹಿಳಾ ಸಮಾಜದ ಅಧ್ಯಕ್ಷೆ ಅನ್ನಪೂರ್ಣ, ಎಲ್ಲರಿಗೂ ನನ್ನ ಗುಟ್ಟು ಬೀಗವಿಲ್ಲದೆ ಹೋಯಿತು.

"ನಿಲ್ಲಿಸೋ!" ಎಂದು ಕಿರುಚಿದೆ. ನಾಗಭೂಷಣ ಕರೆಂಟಿನ ವೈರು ಕಿತ್ತ. ಪೆಟ್ಟಿಗೆ ಬ್ಯಾಟರಿಯ ಬಲದಿಂದ ಎಲ್ಲರಿಗೂ ಇನ್ನೊಮ್ಮೆ ಕಳಿಸಿತು. ಆಮೇಲೆ ನನ್ನ ಫೋನಿನ ಪ್ರತಿಗೆ ಮಾತ್ರ ಭದ್ರವಾಗಿ ಬೀಗ ಜಡಿಯಿತು!

ಮೊದಲ ಫೋನು ನರಸಿಂಹ ಮಾವನದು. "ಏನಮ್ಮಾ ಕಮಲಾಕ್ಷಿ, ಆ ಪುಡಿ ಬಾಯಿಗೆ ಬಿದ್ರೆ ನಮ್ಮಜ್ಜಿ ನೆನಪಾಗಿ ಅಳ್ತಿದ್ದೆನಲ್ಲಮ್ಮಾ!"

ಸನ್ಮಾನವೇನೂ ನಿಲ್ಲಲಿಲ್ಲ. ಹಾರ ಶೆಟ್ಟರ ಹೆಂಡತಿಯ ಕೊರಳಿಗೆ ಬಿತ್ತು. ಹಾಕಿದವಳು ನಾನೇ. ನಾಚಿಕೆಯಿಂದ ಅಳುವಂತಾಗಿತ್ತು. ಆಕೆ ಬಗ್ಗಿ ನನ್ನ ಕಿವಿಯಲ್ಲಿ, "ನಾವೂ ಕುಟ್ಟಲ್ಲ ಕಣ್ರೀ, ಹೊರಗಿಂದ ತರ್ಸೋದೇ. ಯಾರಿಗೂ ಹೇಳ್ಬೇಡಿ" ಎಂದರು.

ಹೇಳುವುದಿಲ್ಲವೆಂದೆ. ಬರೆದಿಡುವುದಂತೂ ಇಲ್ಲವೇ ಇಲ್ಲ!