ಆನೆಯೋ, ಹಂದಿಯೋ, ಅಜ್ಜಿಯೋ

ಕೊಟ್ಟೂರಿನಲ್ಲಿ ಹಳೆಯ ನಾಣ್ಯಗಳನ್ನು ಬಲ್ಲವರು ಯಾರು ಎಂದು ಕೇಳಿದರೆ ನನ್ನ ಹೆಸರು ಹೇಳುವವನು ಒಬ್ಬನಿದ್ದಾನೆ. ಅವನು ನಾನೇ! ಮೊಬೈಲಿನಲ್ಲಿ ನೋಡಿ ಕಲಿತ ವಿದ್ಯೆ, ಭೂತಗನ್ನಡಿ ಕೊಂಡ ಮೇಲೆ ಶಾಸ್ತ್ರವಾಯಿತು.

ಇಂಗ್ಲಿಷ್ ರಾಜನೊಬ್ಬನ ಬೆಳ್ಳಿ ರೂಪಾಯಿಯಲ್ಲಿ ಅವನ ಎದೆಯ ಮೇಲೆ ಪುಟ್ಟ ಆನೆಯಿರುತ್ತದೆ. ಮೊದಲ ಅಚ್ಚಿನಲ್ಲಿ ಅದು ಹಂದಿಯಂತೆ ಕಂಡು, ಜನ ಸಿಟ್ಟಾಗಿ, ಆಮೇಲೆ ತಿದ್ದಿದರಂತೆ. ಈಗ ಅದಕ್ಕೇ ಬೆಲೆ ಹೆಚ್ಚು, ಹಂದಿ ಸಿಕ್ಕವನೇ ಪುಣ್ಯವಂತ! ಆ ರಾಜನ ರೂಪಾಯಿ ನಮ್ಮ ಮನೆಯಲ್ಲೂ ಒಂದಿತ್ತು. ದೇವರ ಜಗಲಿಯ ಮೇಲೆ, ಕುಂಕುಮ ಮೆತ್ತಿಕೊಂಡು ಕೂತಿತ್ತು. ಅದು ನಮ್ಮಜ್ಜಿ.

ನಮ್ಮ ಓಣಿಯಲ್ಲಿ ತೀರಿಕೊಂಡ ಹಿರಿಯರ ಹೆಸರಿನಲ್ಲಿ ಬೆಳ್ಳಿ ನಾಣ್ಯವಿಟ್ಟು ಪೂಜಿಸುತ್ತೇವೆ. ಅದನ್ನು ಯಾರೂ ನಾಣ್ಯ ಎನ್ನುವುದಿಲ್ಲ, ಅಜ್ಜಿ ಎನ್ನುತ್ತಾರೆ. ತಾಯಿಯಿಲ್ಲದ ನನ್ನನ್ನು ಸಾಕಿದವಳು ಅವಳೇ.

ಹಿರಿಯರ ಹಬ್ಬದ ಹಿಂದಿನ ದಿನ ಅವಳನ್ನು ಜಗಲಿಯಿಂದ ಎತ್ತಿಕೊಂಡೆ. ಹೆಂಡತಿ ಗಿರಿಜಾ ಅಡ್ಡ ನಿಂತಳು.

"ಮಟಮಟ ಮಧ್ಯಾಹ್ನದಾಗ ಅಜ್ಜೀನ ಎಲ್ಲಿಗೆ ಕರಕೊಂಡು ಹೊಂಟೀರಿ?"

"ಮಾಳಿಗಿ ಮ್ಯಾಲ. ಫೋಟೋ ತಗಿಯಾಕ."

"ಬದುಕಿದ್ದಾಗ ಒಂದು ಫೋಟೋ ತಗಸಲಿಲ್ಲ!"

ಸವೆತ ಅಳೆಯಲು ಹೋಲಿಕೆಗೆ ಇನ್ನೊಂದು ಬೇಕಲ್ಲ? ಪಕ್ಕದ ಮನೆಯ ನಾಗಮ್ಮನ ಜಗಲಿಯಲ್ಲಿ ಅಂಥದೇ ರೂಪಾಯಿ, ಅರಿಶಿನ ಮೆತ್ತಿದ್ದು. ಅದು ಅವಳ ಅತ್ತೆ. ನಶ್ಯ ಏರಿಸಿ ಓಣಿಗೆಲ್ಲ ಬೈಯುತ್ತಿದ್ದ ಮುದುಕಿ. ಸತ್ತ ಮೇಲೂ ಆ ಮನೆಯಲ್ಲಿ ಪ್ರತಿ ಹಬ್ಬಕ್ಕೆ ಹಾಲು ಒಡೆಯುತ್ತಿತ್ತು, ದೀಪ ಆರುತ್ತಿತ್ತು.

"ನಾಗಮ್ಮ, ನಿಮ್ಮತ್ತಿ ಆನಿನೋ ಹಂದಿನೋ ನೋಡಿ ಹೇಳ್ತೀನಿ, ಕೊಡು."

"ಮೆಲ್ಲಕ ಮಾತಾಡ್ರಿ, ಕೇಳಿಸ್ಕೊಂಡಾಳು! ಸಂಜಿಗೆ ತಂದುಕೊಡ್ರಿ ಮತ್ತ."

ಮಾಳಿಗೆಯ ಮೇಲೆ ಕರಿ ಬಟ್ಟೆ ಹಾಸಿ ಇಬ್ಬರನ್ನೂ ಮಲಗಿಸಿದೆ. ಕುಂಕುಮ, ಅರಿಶಿನದ ಅಡಿಯಲ್ಲಿ ಯಾವ ಪ್ರಾಣಿಯೂ ಕಾಣಲಿಲ್ಲ. ಹಳೆಯ ನಾಣ್ಯ ತೊಳೆಯಬಾರದು ಎಂಬುದು ಶಾಸ್ತ್ರದ ಮೊದಲ ಪಾಠ. ನಾನು ಎರಡನೆಯ ಪಾಠದಿಂದ ಶುರುಮಾಡಿದವನು! ಒಂದೇ ಬಟ್ಟಲಿನ ಹುಣಸೆ ನೀರಿಗೆ ಎರಡನ್ನೂ ಹಾಕಿ ಚೆನ್ನಾಗಿ ತಿಕ್ಕಿದೆ.

ತೆಗೆದಾಗ ಎರಡು ಬೆಳ್ಳನೆಯ ಬಿಲ್ಲೆಗಳು. ವರ್ಷಗಟ್ಟಲೆ ಪೂಜೆಯಲ್ಲಿ ಸವೆದು ಒಂದರ ಮೇಲೂ ರಾಜನ ಮುಖವಿಲ್ಲ. ಇವೆರಡರಲ್ಲಿ ಅಜ್ಜಿ ಯಾರು?

ಗಾಳಿ ನಿಂತಿತು. ಎಲ್ಲೋ ಕೂಗುತ್ತಿದ್ದ ಕಾಗೆಯೂ ಸುಮ್ಮನಾಯಿತು. ಎರಡರದ್ದೂ ಬೇರೆ ಬೇರೆ ಫೋಟೋ ತೆಗೆದು ನೋಡಿದೆ. ನುಣ್ಣನೆಯ ಬೆಳ್ಳಿಯಲ್ಲಿ ನನ್ನದೇ ತಲೆ ಕಾಣುತ್ತಿತ್ತು. ಆದರೆ ಒಂದು ಫೋಟೋದಲ್ಲಿ ನನ್ನ ಹೆಗಲ ಹಿಂದೆ ಸೆರಗು ಹೊದ್ದ ಇನ್ನೊಂದು ತಲೆ!

"ಗಿರಿಜಾ?"

"ಏನ್ರೀ?"

ಉತ್ತರ ಕೆಳಗಿನ ಅಡುಗೆಮನೆಯಿಂದ ಬಂತು.

ಹೆದರಿಕೆಯಲ್ಲೂ ತಜ್ಞನ ಬುದ್ಧಿ ಕೆಲಸ ಮಾಡಿತು. ನನ್ನ ಬೆನ್ನ ಹಿಂದೆ ನಿಂತು ಕಾಯುವವಳು ಅಜ್ಜಿಯಲ್ಲದೆ ಮತ್ಯಾರು? ಆ ನಾಣ್ಯಕ್ಕೆ ಕುಂಕುಮ ಮೆತ್ತಿ ನಮ್ಮ ಜಗಲಿಗಿಟ್ಟೆ. ಇನ್ನೊಂದಕ್ಕೆ ಅರಿಶಿನ ಬಳಿದು ನಾಗಮ್ಮನಿಗೆ ಮುಟ್ಟಿಸಿದೆ.

ಮರುದಿನ ನಮ್ಮ ಮನೆಯಲ್ಲಿ ಹಾಲು ಒಡೆಯಿತು. ಎಡೆ ಇಟ್ಟ ಕೂಡಲೇ ದೀಪ ಆರಿತು. ಜಗಲಿಯ ಕಡೆಯಿಂದ ನಶ್ಯದ ಘಾಟು ಬಂತು. ಗಂಡ ಹೆಂಡತಿ ಒಟ್ಟಿಗೆ ಸೀನಿದೆವು.

ಅಷ್ಟರಲ್ಲಿ ನಾಗಮ್ಮ ಹೋಳಿಗೆ ಹಿಡಿದು ಓಡಿಬಂದಳು. ಕಣ್ಣು ಒದ್ದೆಯಾಗಿತ್ತು.

"ನಮ್ಮತ್ತಿ ಸಮಾಧಾನ ಆಗ್ಯಾಳ್ರಿ! ದೀಪ ನೆಟ್ಟಗ ಉರೀತು. ಜಗಲಿ ಮುಂದ ಕುಂತ್ರ ಯಾರೋ ತಲಿ ಸವರಿದಂಗಾತು. ಇಷ್ಟು ವರ್ಷಕ್ಕ ನನ್ನ ಕ್ಷಮಿಸ್ಯಾಳ!"

ತಲೆ ಸವರುವುದು ನಮ್ಮಜ್ಜಿಯ ರೂಢಿ. ಅಜ್ಜಿಯನ್ನು ವಾಪಸು ಕೊಡು ಎನ್ನಲು ಬಾಯಿ ತೆರೆದೆ. ನಾಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಿದ್ದಳು. ಬಾಯಿ ಮುಚ್ಚಿ ಹೋಳಿಗೆ ತೆಗೆದುಕೊಂಡೆ.

ಅವಳು ಹೋದ ಮೇಲೆ ಗಿರಿಜಾ ಮೆಲ್ಲಗೆ ಕೇಳಿದಳು, "ಎತ್ತಿ ಆಡಿಸಿದಾಕಿ ಗುರುತು ನಿಮಗ ಹತ್ತಲಿಲ್ಲೇನ್ರಿ?"

ನಿಜವಾಗಿಯೂ ಅಳು ಬಂತು. ಅಳುವಷ್ಟರಲ್ಲಿ ಜಗಲಿಯಿಂದ ಯಾರೋ ಸೊರ್ರನೆ ಮೂಗು ಸೇದಿದ ಸದ್ದು! ಕೈ ಮುಗಿದು, "ಅತ್ತಿ, ತಪ್ಪಾತ್ರಿ" ಎಂದೆ.

ಈಗ ನಮ್ಮ ಜಗಲಿಯ ಮೇಲೆ ಒಂದು ನಶ್ಯದ ಡಬ್ಬಿ ಇದೆ. ದಿನಾ ಸ್ವಲ್ಪ ಖಾಲಿಯಾಗುತ್ತದೆ. ಗೋಡೆಯಾಚೆಯ ನಾಗಮ್ಮನನ್ನು "ನಿಮ್ಮತ್ತಿ ಆರಾಮದಾಳೇನು?" ಎಂದು ವಿಚಾರಿಸುತ್ತಿರುತ್ತೇನೆ.

ಮೊನ್ನೆ ಆ ಫೋಟೋಗಳನ್ನು ಮತ್ತೆ ದೊಡ್ಡದು ಮಾಡಿ ನೋಡಿದೆ. ಸೆರಗಿನ ತಲೆ ಈಗ ಅದರಲ್ಲಿಲ್ಲ. ಆನೆಯೂ ಇಲ್ಲ, ಹಂದಿಯೂ ಇಲ್ಲ. ಮೊಬೈಲ್ ಹಿಡಿದ ಒಂದು ಕತ್ತೆ ಮಾತ್ರ ಸ್ಪಷ್ಟವಾಗಿ ಮೂಡಿದೆ.