ಎಡತೋಳಿನ ಮೇಲೆ ಹದಿನಾಲ್ಕು ದಿನ ಠಿಕಾಣಿ ಹೂಡಿದ್ದ ಸಕ್ಕರೆ ಸೆನ್ಸರಿಗೆ

ಇವರಿಗೆ:
ಮಾನ್ಯ ಸಕ್ಕರೆ ಸೆನ್ಸರ್ ಅವರು,
ಹಾಲಿ ವಿಳಾಸ: ನನ್ನ ಮೇಜಿನ ಎರಡನೆಯ ಡ್ರಾಯರ್, ಸ್ಟೇಪ್ಲರ್ ಪಿನ್ನಿನ ಡಬ್ಬಿಯ ಪಕ್ಕ.

ಮಾನ್ಯರೇ,

ಕೋಟಿನ ಗುಂಡಿಗಿಂತ ಕೊಂಚವೇ ಅಗಲವಿದ್ದರೂ ತೀರ್ಪು ಓದಲು ಕುಳಿತ ನ್ಯಾಯಾಧೀಶರಷ್ಟು ಗಾಂಭೀರ್ಯವುಳ್ಳ ತಮಗೆ, ಈ ಆಸ್ಪತ್ರೆಯ ಸಕ್ಕರೆ ಕಾಯಿಲೆ ವಿಭಾಗದ ಡಯೆಟಿಷಿಯನ್ ಆದ ನಾನು ಎರಡೂ ಕೈ ಜೋಡಿಸಿ, ಅದರಲ್ಲೂ ಎಡಗೈಯನ್ನು ತುಸು ಹೆಚ್ಚು ಭಯಭಕ್ತಿಯಿಂದ ಜೋಡಿಸಿ, ಮಾಡುವ ನಮಸ್ಕಾರಗಳು. ಸೇವಾವಧಿ ಮುಗಿದು, ಅಂಟು ಒಣಗಿ, ತಾವು ಡ್ರಾಯರಿನಲ್ಲಿ ವಿಶ್ರಾಂತ ಜೀವನ ನಡೆಸುತ್ತಿರುವ ಈ ಹೊತ್ತಿನಲ್ಲಿ ತೊಂದರೆ ಕೊಡುತ್ತಿರುವುದಕ್ಕೆ ಕ್ಷಮೆಯಿರಲಿ. ತಾವು ನನ್ನ ತೋಳಿನ ಮೇಲಿದ್ದಷ್ಟು ದಿನ ತಮ್ಮ ಮೇಲೆ ದೂರು ಬರೆಯುವ ಧೈರ್ಯ ನನಗಿರಲಿಲ್ಲ; ಬರೆದರೆ ಅದನ್ನೂ ಗ್ರಾಫಿನಲ್ಲಿ ತೋರಿಸಿಬಿಡುವಿರೇನೋ ಎಂಬ ಅಂಜಿಕೆಯಿತ್ತು.

ತಾವು ನನ್ನ ತೋಳಿಗೆ ದಯಮಾಡಿಸಿದ ಸಂದರ್ಭವನ್ನು, ಈ ಪತ್ರ ಓದುವ ಇತರರ ಅನುಕೂಲಕ್ಕಾಗಿ, ನಾಲ್ಕು ಮಾತಿನಲ್ಲಿ ನೆನಪಿಸುತ್ತೇನೆ. ನಮ್ಮ ಕಸುಬಿನವರು ವರ್ಷಕ್ಕೆ ಇಪ್ಪತ್ತು ಗಂಟೆ ಹೊಸದೇನನ್ನಾದರೂ ಕಲಿತೆವೆಂದು ಕಾಗದದ ಮೇಲೆ ತೋರಿಸಬೇಕು, ಇಲ್ಲವಾದರೆ ಪರವಾನಗಿ ನವೀಕರಣವಾಗುವುದಿಲ್ಲ. ಹತ್ತೊಂಬತ್ತು ವರ್ಷಗಳಿಂದ ನಾನು ಈ ಗಂಟೆಗಳನ್ನು ತಣ್ಣನೆಯ ಸಭಾಂಗಣಗಳ ಹಿಂದಿನ ಸಾಲಿನಲ್ಲಿ, ಪರದೆಯ ಮೇಲೆ ಓಡುವ ಅಂಕಿ ಅಂಶಗಳ ಮುಂದೆ ಕಣ್ಣು ತೆರೆದುಕೊಂಡೇ ನಿದ್ದೆ ಮಾಡುತ್ತಾ, ನಿಷ್ಠೆಯಿಂದ ಗಳಿಸಿಕೊಂಡು ಬಂದಿದ್ದೇನೆ. ಈ ವರ್ಷ ನಮ್ಮ ವೃತ್ತಿ ತರಬೇತಿ ಸಮಿತಿಯವರಿಗೆ ಅದೇನು ಹೊಳೆಯಿತೋ, ‘ರೋಗಿಯಾಗಿ ಹದಿನಾಲ್ಕು ದಿನ’ ಎಂಬ ತರಬೇತಿ ಹುಟ್ಟಿಕೊಂಡಿತು: ಕಾಯಿಲೆ ಇಲ್ಲದ ಡಯೆಟಿಷಿಯನ್ನರೂ ತೋಳಿಗೆ ರಕ್ತದ ಸಕ್ಕರೆ ಅಳೆಯುವ ಸೆನ್ಸರ್ ಅಂಟಿಸಿಕೊಳ್ಳಬೇಕು, ತಿಂದದ್ದನ್ನೆಲ್ಲ ರೋಗಿಗಳಂತೆಯೇ ದಿನಚರಿ ಪುಸ್ತಕದಲ್ಲಿ ಬರೆಯಬೇಕು, ಕೊನೆಗೆ ಪುಸ್ತಕವನ್ನೂ ಸೆನ್ಸರಿನ ಗ್ರಾಫನ್ನೂ ಅಕ್ಕಪಕ್ಕ ಇಟ್ಟು ಒಪ್ಪಿಸಬೇಕು. ಅನುಭವ ಗಟ್ಟಿಯಾಗಲೆಂದು, ಸಕ್ಕರೆ ನೂರನಲವತ್ತು ದಾಟಿದರೆ ಸಾಕು ನನ್ನ ಫೋನಿನಲ್ಲಿ ಕೂಗಿಕೊಳ್ಳಬೇಕೆಂದು ತಮಗೆ ತಾಕೀತನ್ನೂ ಮಾಡಿದ್ದರು.

ತಮ್ಮ ಕರ್ತವ್ಯನಿಷ್ಠೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಮೂರನೆಯ ದಿನ, ಎಕ್ಸ್-ರೇ ವಿಭಾಗದವರೊಬ್ಬರ ಬೀಳ್ಕೊಡುಗೆಯ ಕೇಕ್ ಉಳಿದಿದೆಯೆಂದು ಕೇಳಿ, ಅದು ವ್ಯರ್ಥವಾಗಬಾರದೆಂಬ ಒಂದೇ ಸದುದ್ದೇಶದಿಂದ ನಾನು ದಾಸ್ತಾನು ಕೋಣೆಗೆ ಹೋಗಿ, ಬಾಗಿಲು ಮುಂದೆ ಮಾಡಿಕೊಂಡು, ಫಿನಾಯಿಲ್ ಕ್ಯಾನುಗಳ ನಡುವೆ ನಿಂತು ಎರಡು ತುಂಡು ತಿಂದೆ. ನರಪಿಳ್ಳೆಯೂ ನೋಡಲಿಲ್ಲ. ತಾವು ನೋಡಿದಿರಿ. ದಿನಚರಿಯಲ್ಲಿ ನಾನು ‘ಅರ್ಧ ಸೇಬು’ ಎಂದು ಬರೆದೆ. ತಾವು ಅದರ ಪಕ್ಕದಲ್ಲೊಂದು ಗುಡ್ಡ ಬರೆದಿರಿ. ಅರ್ಧ ಸೇಬಿಗೆ ಅಂಥ ಗುಡ್ಡ ಏಳುವುದಿಲ್ಲವೆಂದು ನಾನೇ ಹತ್ತೊಂಬತ್ತು ವರ್ಷಗಳಿಂದ ರೋಗಿಗಳ ಬೆವರಿಳಿಸುತ್ತಾ ಬಂದಿದ್ದೇನೆ.

ಮನೆಯಲ್ಲಂತೂ ತಮ್ಮ ದಯೆಯಿಂದ ನನ್ನ ಮರ್ಯಾದೆ ಮಣ್ಣುಪಾಲಾಯಿತು. ನಮ್ಮ ಅತ್ತೆಯವರಿಗೆ ಸಕ್ಕರೆ ಕಾಯಿಲೆ ಬಂದು ಒಂಬತ್ತು ವರ್ಷ. ಅಂದಿನಿಂದ ಅವರ ತಟ್ಟೆ ಅಳೆಯುವುದು, ಅವರ ದಿಂಬಿನ ಕೆಳಗಿನ ಬಿಸ್ಕತ್ತು ಪತ್ತೆಹಚ್ಚುವುದು ನನ್ನ ಹಕ್ಕಾಗಿತ್ತು. ಈಗ ನನ್ನ ಫೋನು ಕಿರುಚಿದೊಡನೆ ಅವರು ಕನ್ನಡಕ ಏರಿಸಿಕೊಂಡು, ಮುಖದ ತುಂಬ ಮಮತೆ ತಂದುಕೊಂಡು, “ಏನ್ ತಿಂದ್ಯಮ್ಮಾ? ಹೇಳ್ಬಿಡು, ನಾನೇನೂ ಅನ್ನಲ್ಲ” ಎನ್ನುತ್ತಿದ್ದರು. ಅದು ಅಕ್ಷರಶಃ ನನ್ನದೇ ಮಾತು. ಅದು ಇಷ್ಟು ಚುಚ್ಚುತ್ತದೆಯೆಂದು ಈ ಒಂಬತ್ತು ವರ್ಷಗಳಲ್ಲಿ ಅವರು ನನಗೆ ಒಮ್ಮೆಯೂ ಹೇಳಿರಲಿಲ್ಲ.

ಆದಕಾರಣ ತಮ್ಮ ವಂಶದ ಮುಂದಿನ ಪೀಳಿಗೆಯವರಲ್ಲಿ ಕೆಲವು ಸುಧಾರಣೆಗಳನ್ನು ತರಲು ತಾವು ಪ್ರಭಾವ ಬೀರಬೇಕೆಂದು ವಿನಂತಿ. ಸಂಜೆ ನಾಲ್ಕರಿಂದ ನಾಲ್ಕೂವರೆಯವರೆಗೆ ಅವರು ಗೋಡೆಯ ಕಡೆ ಮುಖ ಮಾಡಿ ಕೂರಲಿ. ಬೀಳ್ಕೊಡುಗೆ, ಹುಟ್ಟುಹಬ್ಬ, ಮೇಲಧಿಕಾರಿಗಳ ಸಭೆ ಮುಗಿದ ನಂತರದ ಅರ್ಧ ಗಂಟೆ, ಇವಕ್ಕೆ ಸಂಬಳ ಸಹಿತ ರಜೆ ತೆಗೆದುಕೊಳ್ಳಲಿ. ಅತ್ತೆಯವರು ಹತ್ತು ಅಡಿಯೊಳಗಿದ್ದರೆ ಕೂಗುವ ಬದಲು ಮೆಲ್ಲಗೆ ಕೆಮ್ಮಲಿ. ಒಟ್ಟಿನಲ್ಲಿ ದಾಕ್ಷಿಣ್ಯವೆಂಬ ಗುಣವನ್ನು ಕಾರ್ಖಾನೆಯಲ್ಲೇ ಒಂದೆರಡು ಹನಿ ಹಾಕಿ ಕಳಿಸಿದರೆ ನಮ್ಮಂಥ ತಜ್ಞರಿಗೆ ಬದುಕಲು ಅನುಕೂಲವಾಗುತ್ತದೆ.

ಇವೆಲ್ಲ ಸಣ್ಣಪುಟ್ಟ ದೂರುಗಳು, ಹೊಟ್ಟೆಗೆ ಹಾಕಿಕೊಳ್ಳಬಹುದು. ನನ್ನ ನಿಜವಾದ ದೂರು ಒಂಬತ್ತನೆಯ ದಿನದ್ದು.

ಅಂದು ಬೆಳಗ್ಗೆ ನನ್ನ ಕೋಣೆಗೆ ಬಂದವರು ಬಸ್ ನಿಲ್ದಾಣದ ಎದುರು ಅಂಗಡಿ ಇಟ್ಟಿರುವ ಟೈಲರ್. ಎರಡು ವರ್ಷದಿಂದ ನನ್ನಲ್ಲಿಗೆ ಬರುತ್ತಿರುವ, ನಾನು ಹೋದಲ್ಲಿ ಬಂದಲ್ಲಿ ಹೊಗಳುವ ರೋಗಿ. ಸುಳ್ಳು ದಿನಚರಿ ಹಿಡಿಯುವುದರಲ್ಲಿ ನನಗೆ ಹೆಸರಿದೆ. ಒಂದು ತಿಂಗಳ ಊಟವನ್ನು ಒಂದೇ ಪೆನ್ನಿನಲ್ಲಿ, ಒಂದೇ ಓಟದಲ್ಲಿ, ಹೊರಗಿನ ಬೆಂಚಿನ ಮೇಲೆ ಕುಳಿತು ಗೀಚಿದವರನ್ನು ನಾನು ಬಾಗಿಲಲ್ಲೇ ಗುರುತಿಸುತ್ತೇನೆ. ಇವರ ಪುಸ್ತಕ ಹಾಗಿರಲಿಲ್ಲ. ಒಂದು ದಿನ ನೀಲಿ, ಒಂದು ದಿನ ಕಪ್ಪು, ನಡುವೆ ಒಮ್ಮೆ ಬಟ್ಟೆಗೆ ಗುರುತು ಹಾಕುವ ಪೆನ್ಸಿಲ್ಲು. ‘ಮಧ್ಯಾಹ್ನ ಒಂದು ಗಂಟೆ ಐದು ನಿಮಿಷ, ಊಟ’, ಮರುದಿನ ‘ಒಂದು ಗಂಟೆ ಹನ್ನೆರಡು ನಿಮಿಷ, ಊಟ’. ಅಳತೆಯ ಮನುಷ್ಯ, ಅಳೆದೇ ಬರೆದಿದ್ದಾರೆಂದು ನಾನು ಕರಗಿಹೋದೆ. ಆ ಪುಟಗಳನ್ನು ಹಿಂದಿನದೊಂದು ತರಬೇತಿಯಲ್ಲಿ ‘ಮಾದರಿ ರೋಗಿಯ ಮಾದರಿ ದಿನಚರಿ’ ಎಂದು ಪರದೆಯ ಮೇಲೆ ತೋರಿಸಿ, ಚಪ್ಪಾಳೆಯ ಜೊತೆಗೆ ಎರಡು ಗಂಟೆಗಳ ಮನ್ನಣೆಯನ್ನೂ ಪಡೆದೆ. ಊಟ ಇಷ್ಟು ಕ್ರಮವಾಗಿದ್ದೂ ಸಕ್ಕರೆ ಇಳಿಯುತ್ತಿಲ್ಲವೆಂದು ನಾನು ಬರೆದುಕೊಟ್ಟ ಟಿಪ್ಪಣಿಯನ್ನು ನಂಬಿ ಡಾಕ್ಟರು ಅವರ ಮಾತ್ರೆಯ ಪ್ರಮಾಣವನ್ನೂ ಏರಿಸಿದರು.

ಅಂದು ನಾನು ಅವರಿಗೆ ಸಿಹಿ ತಿಂಡಿಯ ಮುಂದೆ ಮನಸ್ಸು ಗಟ್ಟಿ ಮಾಡಿಕೊಳ್ಳುವ ಬಗೆಯನ್ನು ಬಹಳ ಚೆನ್ನಾಗಿ ವಿವರಿಸುತ್ತಿದ್ದಾಗ, ತಾವು ನನ್ನ ಫೋನಿನೊಳಗಿಂದ ಮನೆಗೆ ಬೆಂಕಿ ಬಿದ್ದವರಂತೆ ಕೂಗಿಕೊಂಡಿರಿ. ಟೈಲರ್ ಬೆಚ್ಚಿ ನೋಡಿದರು. ಅವರು ಮೂವತ್ತು ವರ್ಷದಿಂದ ಜನರ ತೋಳು ನೋಡಿಯೇ ಬದುಕಿದವರು. ನನ್ನ ಬಿಳಿ ಕೋಟಿನ ಎಡತೋಳು ಉಬ್ಬಿರುವುದು ಕಣ್ಣಿಗೆ ಬೀಳಲು ಕ್ಷಣವೂ ಹಿಡಿಯಲಿಲ್ಲ. “ಏನ್ ತಿಂದಿದ್ರಿ ಮೇಡಂ?” ಎಂದರು. ಗಾಬರಿಯಲ್ಲಿ ಬಾಯಿಂದ ನಿಜವೇ ಬಂತು: “ಕ್ರೀಮ್ ಬಿಸ್ಕತ್ತು. ಆರು.” ಅವರು ದನಿ ತಗ್ಗಿಸಿ, “ನಿಮಗೂ ಇದೆಯಾ?” ಎಂದು ಕೇಳಿದರು. ಇಲ್ಲ, ಇದು ತರಬೇತಿ ಎನ್ನಬೇಕಿತ್ತು. ಎನ್ನಲಿಲ್ಲ. ಅಷ್ಟರಲ್ಲಿ ಅವರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, “ಹಾಗಾದ್ರೆ ನಿಮ್ಮ ಹತ್ರ ಹೇಳ್ಬಹುದು” ಎಂದುಬಿಟ್ಟಿದ್ದರು.

ಆಮೇಲೆ ಅವರು ಹೇಳಿದ್ದನ್ನು ತಾವೂ ಕೇಳಿಸಿಕೊಂಡಿದ್ದೀರಿ. “ಒಂದು ಗಂಟೆಗೆ ಯಾವ ಟೈಲರ್ ಊಟ ಮಾಡ್ತಾನೆ ಮೇಡಂ? ಮದುವೆ ಸೀಸನ್ನಲ್ಲಿ ನಾಲ್ಕಾಗುತ್ತೆ, ಒಂದೊಂದ್ ದಿನ ಇಲ್ಲವೇ ಇಲ್ಲ. ಕೈ ನಡುಗೋಕೆ ಶುರುವಾದ್ರೆ ಎರಡು ಬನ್ನು ನುಂಗಿ ಮತ್ತೆ ಕೂತ್ಕೊಳ್ತೀನಿ.” ಪೆನ್ನು ಬದಲಾಯಿಸಿದ್ದು ಯಾಕೆಂದರೆ, ಒಂದೇ ಪೆನ್ನಿನಲ್ಲಿ ಬರೆದರೆ ಮೇಡಂ ಹಿಡಿಯುತ್ತಾರೆಂದು ಹೊರಗಿನ ಬೆಂಚಿನವರೆಲ್ಲ ಸೇರಿ ಹೇಳಿಕೊಟ್ಟಿದ್ದರಂತೆ. ಮಾತ್ರೆ ಹೆಚ್ಚಾದ ಮೇಲೆ ನಡುಕವೂ ಹೆಚ್ಚಿತು. ಹಿಂದಿನ ವಾರ ಕತ್ತರಿ ಕೈಯಲ್ಲಿರುವಾಗಲೇ ಕಣ್ಣು ಕತ್ತಲಿಟ್ಟು, ಎಚ್ಚರವಾದಾಗ ಬಟ್ಟೆ ಹಾಕಿ ನೋಡುವ ಗೂಡಿನ ನೆಲದ ಮೇಲೆ ಬಿದ್ದಿದ್ದರು. ಕತ್ತರಿ ಕಿವಿಯ ಪಕ್ಕದಲ್ಲಿತ್ತು. ಓಡಿಬಂದ ಹೆಂಡತಿಗೆ, ಬಿದ್ದ ಗುಂಡಿ ಹುಡುಕುತ್ತಿದ್ದೆನೆಂದು ಹೇಳಿದರಂತೆ. ಇದನ್ನವರು ನಗುತ್ತಾ ಹೇಳಿದರು. ಊಟ ತಪ್ಪಿದಾಗಲೆಲ್ಲ ಅವರಲ್ಲಿ ಸಕ್ಕರೆ ವಿಪರೀತ ಇಳಿಯುತ್ತಿತ್ತು, ಬನ್ನು ತಿಂದೊಡನೆ ಏರುತ್ತಿತ್ತು; ಆ ಏರಿಕೆಯನ್ನಷ್ಟೇ ಕಂಡು ನಾನು ಇನ್ನಷ್ಟು ಇಳಿಸುವ ಏರ್ಪಾಡು ಮಾಡಿ ಚಪ್ಪಾಳೆ ಗಿಟ್ಟಿಸಿಕೊಂಡಿದ್ದೆ.

ಆಗಲೇ ಅವರನ್ನು ಮೇಲಿನ ಮಹಡಿಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ಮಾತ್ರೆಯ ಪ್ರಮಾಣ ಇಳಿಯಿತು, ಕೈ ನಡುಗಿದರೆ ಮೊದಲು ಏನು ಮಾಡಬೇಕೆಂಬುದನ್ನು ಅವರ ಹೆಂಡತಿಗೂ ಫೋನಿನಲ್ಲಿ ವಿವರಿಸಿದ್ದಾಯಿತು. ಹೊರಡುವಾಗ ಟೈಲರ್ ನನ್ನ ಕೋಟು ಬಿಚ್ಚಿಸಿಕೊಂಡರು. “ಎಡತೋಳು ಬಿಗಿ ಇದೆ, ಒತ್ತುತ್ತೆ. ಇನ್ನು ಜೀವನಪೂರ್ತಿ ಹಾಕ್ಕೊಳ್ಳೋದಲ್ವಾ, ಸ್ವಲ್ಪ ಬಿಡ್ತೀನಿ” ಎಂದರು. ನಾನು ಕೊಟ್ಟೆ. ಮಾನ್ಯರೇ, ಹತ್ತೊಂಬತ್ತು ವರ್ಷಗಳ ನನ್ನ ವಿದ್ಯೆಯಿಂದ ಆಗದ್ದನ್ನು ತಾವು ಒಂದು ಕಿರುಚಾಟದಲ್ಲಿ ಮಾಡಿದಿರಿ, ಒಪ್ಪುತ್ತೇನೆ. ಆದರೆ ಮಾಡುವಾಗ ನನ್ನನ್ನು ಒಂದು ಸುಳ್ಳಿನ ಮೇಲೆ ಕೂರಿಸಿ, ಹದಿನಾಲ್ಕನೆಯ ದಿನ ಪಟ್ಟನೆ ಕಿತ್ತುಕೊಂಡು ಬಂದು ಡ್ರಾಯರಿನಲ್ಲಿ ಮಲಗಿದಿರಿ. ನನ್ನ ದೂರು ಇದೇ.

ತಾವು ಡ್ರಾಯರ್ ಸೇರಿದ ಎರಡು ದಿನಕ್ಕೆ ಅವರು ಕೋಟು ತಂದರು, ಇಸ್ತ್ರಿ ಮಾಡಿ ಕಾಗದದಲ್ಲಿ ಸುತ್ತಿ. ತೋಳು ಸಡಿಲಗೊಂಡಿತ್ತು, ಒಳಗೆ, ಸರಿಯಾಗಿ ತಾವು ಕೂರುತ್ತಿದ್ದ ಜಾಗದಲ್ಲಿ, ಮೆತ್ತನೆಯ ಹತ್ತಿ ಬಟ್ಟೆಯ ಸಣ್ಣದೊಂದು ತುಂಡನ್ನೂ ಹೊಲಿದಿದ್ದರು. ಸುಮ್ಮನೆ ತೊಟ್ಟುಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಿಜ ಹೇಳಿದರೆ ಆ ಮನುಷ್ಯ ಮತ್ತೆ ಒಂದು ಗಂಟೆ ಐದು ನಿಮಿಷದ ಊಟಕ್ಕೆ ಮರಳಿಬಿಡುತ್ತಾರೆ, ಇನ್ನೊಮ್ಮೆ ಬಿದ್ದಾಗ ಕತ್ತರಿ ಎಲ್ಲಿರುತ್ತದೋ ಎಂದು ನನಗೆ ನಿಜಕ್ಕೂ ಹೆದರಿಕೆಯಾಯಿತು. ಆದರೂ ತಾವಿಲ್ಲದ ಬರಿ ತೋಳನ್ನು ಮೇಲೆತ್ತಿ ತೋರಿಸಿದೆ. ನನಗೆ ಕಾಯಿಲೆ ಇಲ್ಲ, ಅದು ತರಬೇತಿಗೆ ಅಂಟಿಸಿದ್ದು, ನಿಮ್ಮ ಪುಸ್ತಕವನ್ನೂ ನಾನು ನೂರು ಜನರಿಗೆ ತೋರಿಸಿ ಹೆಸರು ಮಾಡಿಕೊಂಡಿದ್ದೇನೆ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ.

ಅವರು ಕೊರಳಿನ ಟೇಪನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. ನನ್ನ ತೋಳಿನ ಕೆಂಪು ಗುರುತನ್ನು ನೋಡಿ, “ಆ ಆರು ಬಿಸ್ಕತ್ತು?” ಎಂದರು. ಅದು ನಿಜ ಎಂದೆ. ಅವರು ಚೀಲದಿಂದ ದಿನಚರಿ ಪುಸ್ತಕ ತೆಗೆದು, ಬಿಡಿಸದೆಯೇ ಪಕ್ಕಕ್ಕಿಟ್ಟು, “ಬರ್ಕೊಳ್ಳಿ ಹಾಗಾದ್ರೆ. ನಿನ್ನೆ ಊಟ ಮೂರೂವರೆಗೆ. ಬೈಬೇಡಿ” ಎಂದರು. ನಾನು ಬರೆದುಕೊಂಡೆ, ಬೈಯಲಿಲ್ಲ. ಬೈಯದೆ ಬರೆಯುವುದು ಇಷ್ಟು ಕಷ್ಟದ ಕೆಲಸವೆಂದು ಯಾವ ಸಭಾಂಗಣದಲ್ಲೂ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ತಾವು ಚಾಡಿಕೋರರೆಂಬ ನನ್ನ ಆಪಾದನೆಯನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಅಷ್ಟು ಮಾತ್ರದಿಂದ ತಮ್ಮನ್ನು ಕಸದ ಬುಟ್ಟಿಗೆ ಹಾಕುವ ಮನಸ್ಸೂ ಬರುತ್ತಿಲ್ಲ, ಆದ್ದರಿಂದ ಡ್ರಾಯರಿನಲ್ಲಿಯೇ ಸುಖವಾಗಿ ಇರತಕ್ಕದ್ದು.

ಕಂಡದ್ದನ್ನೆಲ್ಲ ಆಡುವ ತಮ್ಮ ಮೇಲೆ ಮುನಿಸಿಟ್ಟುಕೊಂಡೇ,
ತಮ್ಮ ವಿಶ್ವಾಸಿ,
ಸಕ್ಕರೆ ಕಾಯಿಲೆ ವಿಭಾಗದ ಡಯೆಟಿಷಿಯನ್

ಮರೆತ ಮಾತು: ಮಾದರಿ ದಿನಚರಿಗೆ ಕೊಟ್ಟ ಎರಡು ಗಂಟೆಗಳನ್ನು ವಾಪಸು ಪಡೆದು, ಟೈಲರ್ ಜೊತೆ ಕಳೆದ ಒಂದು ಗಂಟೆಯನ್ನು ನನ್ನ ವರ್ಷದ ಕಲಿಕೆಗೆ ಸೇರಿಸಬೇಕೆಂದು ಸಮಿತಿಗೆ ಅರ್ಜಿ ಹಾಕಿದ್ದೆ, ‘ಕಲಿಸಿದವರ ಸಹಿ’ ಎಂಬಲ್ಲಿ ಅವರದೇ ಸಹಿ ಹಾಕಿಸಿದ್ದೆ. ಕೊಟ್ಟ ಮನ್ನಣೆಯನ್ನು ಹಿಂಪಡೆಯಲು ನಿಯಮದಲ್ಲಿ ಅವಕಾಶವಿಲ್ಲವೆಂದೂ, ಹೊಸ ಗಂಟೆ ಮಂಜೂರಾಗಬೇಕಾದರೆ ಕಲಿಸಿದವರ ವಿದ್ಯಾರ್ಹತೆ ಮತ್ತು ಅನುಭವದ ವಿವರ ಬೇಕೆಂದೂ ಉತ್ತರ ಬಂದಿದೆ. ತುಂಬಿ ಕಳಿಸಿದ್ದೇನೆ. ವಿದ್ಯಾರ್ಹತೆ: ಏಳನೆಯ ತರಗತಿ. ಸಕ್ಕರೆ ಕಾಯಿಲೆಯಲ್ಲಿ ಅನುಭವ: ಹದಿನಾಲ್ಕು ವರ್ಷ, ದಿನಕ್ಕೆ ಇಪ್ಪತ್ತನಾಲ್ಕು ಗಂಟೆ, ರಜೆಯಿಲ್ಲದೆ.